ಕುದುರೆ ಸಾಮಾನು ಹೊಲಿಯಲು ಕಲಿಯುವವರಿಗೆ: ಮೊದಲು ಒಂದು ಹೆಡ್‌ಕಾಲರ್

ಪರ್ಸಿನ ಹೊಲಿಗೆ ಬಿಚ್ಚಿದರೆ ಚಿಲ್ಲರೆ ಬೀಳುತ್ತದೆ. ರಿಕಾಬಿನ (ಸವಾರ ಪಾದ ಊರುವ ಕೊಂಡಿ) ಪಟ್ಟಿಯ ಹೊಲಿಗೆ ಬಿಚ್ಚಿದರೆ ಸವಾರ ಬೀಳುತ್ತಾನೆ. ಚರ್ಮದ ಕೆಲಸವನ್ನು ಹವ್ಯಾಸವಾಗಿ ಹಿಡಿದು ಕುದುರೆ ಸಾಮಾನಿನ ಕಡೆ ಬರುವವರು ಇದನ್ನು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಬೇಕು. ಜೀನು, ಹೊಟ್ಟೆಪಟ್ಟಿ, ರಿಕಾಬಿನ ಪಟ್ಟಿ, ಲಗಾಮು ಇವೆಲ್ಲ ಕೈ ಪಳಗಿದ ಮೇಲಿನ ಕೆಲಸ. ಹೊಸಬರು ಹೆಡ್‌ಕಾಲರ್‌ನಿಂದ ಶುರು ಮಾಡುವುದು ಒಳ್ಳೆಯದು. ಬಾಯಿಗೆ ಕಡಿವಾಣ ಹಾಕದೆ ಕುದುರೆಯನ್ನು ಲಾಯದಲ್ಲಿ ಹಿಡಿಯಲು, ನಡೆಸಲು, ಕಟ್ಟಲು ಬಳಸುವ ಮುಖಪಟ್ಟಿ ಅದು. ಕುದುರೆ ಎಲ್ಲಾದರೂ ಸಿಕ್ಕಿಹಾಕಿಕೊಂಡು ಬೆದರಿ ಎಳೆದಾಗ ಅದು ಹರಿಯುವುದೇ ಕ್ಷೇಮ. ನೈಲಾನ್ ಪಟ್ಟಿ ಹರಿಯುವುದಿಲ್ಲ, ಕುದುರೆಯ ಕುತ್ತಿಗೆಗೆ ಪೆಟ್ಟಾಗುತ್ತದೆ. ಚರ್ಮದ್ದು ಹರಿಯುತ್ತದೆ. ಎಲ್ಲಿ ಹರಿಯಬೇಕು ಎಂಬುದನ್ನು ಮಾಡುವವರೇ ತೀರ್ಮಾನಿಸಬಹುದು.

ಚರ್ಮ ಆರಿಸುವುದು

ಪೇಟೆಯಲ್ಲಿ ಸಿಗುವ ಬಹುಪಾಲು ಚರ್ಮ ಕ್ರೋಮ್ ಹದದ್ದು, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು. ಅದು ಮೆತ್ತಗಿರುತ್ತದೆ, ಭಾರಕ್ಕೆ ಹಿಗ್ಗುತ್ತದೆ, ಅಂಚು ಎಷ್ಟು ಉಜ್ಜಿದರೂ ಕೂರುವುದಿಲ್ಲ. ಕುದುರೆ ಸಾಮಾನಿಗೆ ಬೇಕಾದ್ದು ತೊಗಟೆ ಹದದ ಚರ್ಮ, ಅಂಗಡಿಯವರ ಮಾತಿನಲ್ಲಿ ವೆಜ್ ಟ್ಯಾನ್. ಪರೀಕ್ಷೆ ಸುಲಭ. ಕತ್ತರಿಸಿದ ಅಂಚು ನೋಡಿ: ಒಳಗೆ ನೀಲಿ ಬೂದು ಬಣ್ಣ ಕಂಡರೆ ಕ್ರೋಮ್, ಉದ್ದಕ್ಕೂ ಒಂದೇ ತೆಳು ಕಂದಾಗಿದ್ದರೆ ತೊಗಟೆ ಹದ. ಬಣ್ಣ ಹಾಕದ ಚರ್ಮದ ಮೇಲೆ ಒಂದು ಹನಿ ನೀರು ಬಿಟ್ಟರೆ ತೊಗಟೆ ಹದದ್ದು ಬೇಗ ಹೀರಿಕೊಂಡು ಕಪ್ಪಾಗುತ್ತದೆ.

ತಮಿಳುನಾಡಿನ ಹಳೆಯ ಹದದ ಪದ್ಧತಿ ನಮ್ಮ ಬಯಲುಸೀಮೆಯಲ್ಲೂ ಬೆಳೆಯುವ ತಂಗಡಿ ಗಿಡದ ತೊಗಟೆಯನ್ನೂ ಅಳಲೆಕಾಯಿಯನ್ನೂ ನಂಬಿಕೊಂಡದ್ದು. ಈಸ್ಟ್ ಇಂಡಿಯಾ ಹದ ಎಂದು ಹೆಸರಾದ ಆ ಹಸುವಿನ ಚರ್ಮ ಸಾಮಾನ್ಯವಾಗಿ ತೆಳು. ಪಟ್ಟಿಯ ತುದಿ ಸಿಕ್ಕಿಸುವ, ಬಕಲ್ ಪಕ್ಕದ ಲೂಪ್‌ಗಳಿಗೆ ಚೆನ್ನ. ದಪ್ಪ ಪಟ್ಟಿಗೆ ಎಮ್ಮೆ ಚರ್ಮದ ಹಾರ್ನೆಸ್ (ಕುದುರೆ ಸಾಮಾನಿನ) ಲೆದರ್ ಕೇಳಿ. ಕಾನ್ಪುರದಲ್ಲಿ 19ನೇ ಶತಮಾನದಿಂದಲೂ ಸೈನ್ಯಕ್ಕೆ ಜೀನು, ಹಾರ್ನೆಸ್ ಮಾಡಿದ್ದಾರೆ. ಅಲ್ಲಿನ ಕೆಲಸಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ.

ಪಟ್ಟಿಯ ದಪ್ಪ 3.5ರಿಂದ 4 ಮಿ.ಮೀ. ಇರಲಿ. ಲೂಪ್‌ಗಳಿಗೆ 2 ಮಿ.ಮೀ. ಸಾಕು. ಚರ್ಮದ ದಪ್ಪವನ್ನು ಔನ್ಸ್ ಲೆಕ್ಕದಲ್ಲಿ ಹೇಳಿದರೆ 1 ಔನ್ಸ್ ಎಂದರೆ ಸುಮಾರು 0.4 ಮಿ.ಮೀ., ಹಾಗಾಗಿ ಪಟ್ಟಿಗೆ 9ರಿಂದ 10 ಔನ್ಸ್. ಬೆನ್ನಿನ ಭಾಗವನ್ನೇ ಕೊಳ್ಳಿ, ಪಟ್ಟಿಗಳನ್ನು ಬೆನ್ನುಮೂಳೆಗೆ ಸಮಾನಾಂತರವಾಗಿ ಕತ್ತರಿಸಿ. ಹೊಟ್ಟೆಯ ಭಾಗದ ಚರ್ಮ ಅಗ್ಗಕ್ಕೆ ಸಿಗುತ್ತದೆ, ಆದರೆ ಅದರ ನಾರು ಸಡಿಲ. ತಿಂಗಳೊಪ್ಪತ್ತಿನಲ್ಲಿ ಪಟ್ಟಿ ಎರಡು ತೂತು ಹಿಗ್ಗಿರುತ್ತದೆ, ಅದೂ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ.

ಲೋಹದ ಸಾಮಾನಿನಲ್ಲಿ ಜಿಪುಣತನ ಬೇಡ. ಗಟ್ಟಿ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ತನ್ನಿ. ಲೇಪ ಹಾಕಿದ ಸತುವಿನ ಬಕಲ್ ನೋಡಲು ಹಿತ್ತಾಳೆಯಂತೆಯೇ ಇರುತ್ತದೆ, ಆಯಸ್ಕಾಂತಕ್ಕೂ ಅಂಟುವುದಿಲ್ಲ. ಮೂಲೆಯಲ್ಲಿ ಅರದಿಂದ ಸ್ವಲ್ಪ ಉಜ್ಜಿದರೆ ಗೊತ್ತಾಗುತ್ತದೆ: ಹಿತ್ತಾಳೆ ಒಳಗೂ ಹಳದಿ, ಸತು ಬೂದುಬಿಳಿ. ಸತು ಬಾಗುವುದಿಲ್ಲ, ಮುನ್ಸೂಚನೆ ಇಲ್ಲದೆ ತುಂಡಾಗುತ್ತದೆ.

ಸಲಕರಣೆ

12ನೇ ಶತಮಾನದ ಶರಣರೊಬ್ಬರ ವಚನಾಂಕಿತದಲ್ಲೇ ಕೈಯುಳಿ, ಕತ್ತಿ, ಅಡಿಗುಂಟ ಬರುತ್ತವೆ. ಇವತ್ತಿಗೂ ಮುಖ್ಯ ಸಲಕರಣೆ ಹೆಚ್ಚೇನೂ ಬದಲಾಗಿಲ್ಲ. ಕತ್ತರಿಸಲು, ತೆಳು ಮಾಡಲು ರಂಪಿಗೆ ಅಥವಾ ಗಟ್ಟಿ ಬ್ಲೇಡಿನ ಕತ್ತಿ. ಒಂದೇ ಅಗಲದ ಪಟ್ಟಿ ಸೀಳಲು ಸ್ಟ್ರ್ಯಾಪ್ ಕಟರ್. ಅಂಚಿನ ಮೂಲೆ ತೆಗೆಯಲು 2ನೇ ನಂಬರಿನ ಬೆವೆಲರ್. ಹೊಲಿಗೆಯ ಜಾಗ ಗುರುತಿಸಲು 5 ಮಿ.ಮೀ. ಅಂತರದ ಹಲ್ಲಿರುವ ಉಳಿ, ವಜ್ರಾಕಾರದ ಮೊನೆಯ ಕೈಯುಳಿ, ಮೊಂಡು ತುದಿಯ ಹಾರ್ನೆಸ್ ಸೂಜಿ ಎರಡು, 0.8ರಿಂದ 1 ಮಿ.ಮೀ. ದಪ್ಪದ ಲಿನನ್ ಅಥವಾ ಪಾಲಿಯೆಸ್ಟರ್ ದಾರ, ಜೇನುಮೇಣ, ತೂತಿನ ಪಂಚು, ನೈಲಾನ್ ಅಥವಾ ಮರದ ಸುತ್ತಿಗೆ. ಕಬ್ಬಿಣದ ಸುತ್ತಿಗೆಯಲ್ಲಿ ಹೊಡೆದರೆ ಉಳಿಯ ತಲೆ ಚಪ್ಪಟೆಯಾಗುತ್ತದೆ. ಮಂಡಿಗಳ ನಡುವೆ ಇಟ್ಟುಕೊಳ್ಳುವ ಮರದ ಹೊಲಿಗೆ ಇಕ್ಕಳ ಇದ್ದರೆ ಎರಡೂ ಕೈ ಸೂಜಿಗೆ ಬಿಡುವಾಗುತ್ತವೆ. ಬಡಗಿಯಿಂದ ಅರ್ಧ ದಿನದಲ್ಲಿ ಮಾಡಿಸಬಹುದು.

ಮೊಂಡು ಕತ್ತಿಯೇ ಹೆಚ್ಚು ಗಾಯ ಮಾಡುವುದು, ಏಕೆಂದರೆ ಅದನ್ನು ಒತ್ತಬೇಕಾಗುತ್ತದೆ. ಒಂದು ಹಲಗೆಗೆ ಚರ್ಮದ ತುಂಡು ಅಂಟಿಸಿ, ಕತ್ತಿ ಹರಿತ ಮಾಡುವ ಹಸಿರು ಪಾಲಿಶ್ ಸವರಿ, ಹತ್ತು ನಿಮಿಷಕ್ಕೊಮ್ಮೆ ಕತ್ತಿಯನ್ನು ಅದರ ಮೇಲೆ ಹಿಂದಕ್ಕೆ ಎಳೆಯಿರಿ.

ಅಳತೆ

ಚರ್ಮ ಕತ್ತರಿಸುವ ಮೊದಲು ಮಂಚಕ್ಕೆ ಹೆಣೆಯುವ ನವಾರು ಪಟ್ಟಿಯಲ್ಲಿ ಒಂದು ಮಾದರಿ ಮಾಡಿ, ಪಿನ್ನು ಹಾಕಿ, ಕುದುರೆಯ ಮುಖಕ್ಕೆ ಇಟ್ಟು ನೋಡಿ. ಮೂಗುಪಟ್ಟಿ ಕೆನ್ನೆಯ ಎದ್ದ ಮೂಳೆಗಿಂತ ಎರಡು ಬೆರಳು ಕೆಳಗೆ ಕೂರಬೇಕು. ಇನ್ನೂ ಕೆಳಗಿಳಿದರೆ ಮೂಗಿನ ಮೃದು ಭಾಗ ಒತ್ತಿ ಉಸಿರಿಗೆ ತೊಂದರೆ. ಮೇಲೇರಿದರೆ ಮೂಳೆ ಉಜ್ಜಿ ಕೂದಲು ಉದುರುತ್ತದೆ. ಮೂಗುಪಟ್ಟಿಯೊಳಗೆ ಮೂರು ಬೆರಳು, ಗಂಟಲುಪಟ್ಟಿಯೊಳಗೆ ಒಂದು ಮುಷ್ಟಿ ಆಡುವಷ್ಟು ಸಡಿಲ ಇರಲಿ.

ಈ ಮಾದರಿಗೆ ಒಂಬತ್ತು ತುಂಡು ಬೇಕು: ತಲೆಪಟ್ಟಿ ಒಂದು, ಬಕಲ್ ತುಂಡು ಎರಡು, ಕೆನ್ನೆಪಟ್ಟಿ ಎರಡು, ಮೂಗುಪಟ್ಟಿ ಒಂದು, ಗದ್ದದ ಪಟ್ಟಿ ಎರಡು, ಗಂಟಲುಪಟ್ಟಿ ಒಂದು. ಕಿವಿಯ ಕೆಳಗೆ ಎರಡು ದುಂಡು ರಿಂಗು, ಮೂಗುಪಟ್ಟಿಯ ಎರಡು ಬದಿಗೆ ಚೌಕ ರಿಂಗು, ಗದ್ದದ ಕೆಳಗೆ ಒಂದು ದುಂಡು ರಿಂಗು. ತಲೆಪಟ್ಟಿಯನ್ನು ಎಲ್ಲಿಗೂ ಹೊಲಿಯುವುದಿಲ್ಲ, ಎರಡೂ ಕಡೆ ಬಕಲ್‌ಗೆ ಸಿಕ್ಕಿಸುತ್ತೇವೆ. ಹರಿಯಬೇಕಾದ್ದು ಅದೇ. ಆದ್ದರಿಂದ ಅದು ಒಂದೇ ಪದರದ್ದಾಗಿರಲಿ, ಬಲ ಬರಲೆಂದು ಜೋಡಿ ಪದರ ಹೊಲಿಯಬೇಡಿ.

ತುಂಡಿನ ಉದ್ದದ ಲೆಕ್ಕ ಹೀಗೆ. ರಿಂಗಿನ ನಡುವಿನಿಂದ ಇನ್ನೊಂದು ರಿಂಗಿನ ನಡುವಿಗೆ ಅಳೆಯಿರಿ. ಅದರಲ್ಲಿ ಒಂದು ರಿಂಗಿನ ವ್ಯಾಸ ಕಳೆಯಿರಿ, ಎರಡು ತುದಿಯ ಮಡಿಕೆಗೆ 7 ಸೆಂ.ಮೀ.ನಂತೆ 14 ಸೇರಿಸಿ. ಮೂಗುಪಟ್ಟಿಗೆ 30 ಸೆಂ.ಮೀ. ಬಂದು ರಿಂಗು 4 ಸೆಂ.ಮೀ. ಇದ್ದರೆ 30ರಲ್ಲಿ 4 ಕಳೆದು 14 ಕೂಡಿಸಿ, 40 ಸೆಂ.ಮೀ. ರಿಂಗಿನ ವ್ಯಾಸ ಕಳೆಯುವುದನ್ನು ಮರೆಯುವುದೇ ಹೊಸಬರ ಸಾಮಾನ್ಯ ತಪ್ಪು. ಇಡೀ ಹೆಡ್‌ಕಾಲರ್ ಒಂದು ಸೈಜು ದೊಡ್ಡದಾಗಿಬಿಡುತ್ತದೆ. ದೊಡ್ಡ ಕುದುರೆಗೆ 25 ಮಿ.ಮೀ. ಅಗಲದ ಪಟ್ಟಿ ಎಲ್ಲ ಸೇರಿ ಸುಮಾರು 3.2 ಮೀಟರ್ ಆಗುತ್ತದೆ. ಲೆಕ್ಕಕ್ಕೆ ಅದು ಒಂದು ಚದರಡಿಯೊಳಗೇ ಇದೆ. ಆದರೆ ಕಲೆ, ಗೀರು ಬಿಟ್ಟು ನೇರ ಪಟ್ಟಿ ತೆಗೆಯಲು ಬೆನ್ನಿನ ಕಡೆಯ 4 ಚದರಡಿ ಬೇಕು.

ತುದಿ ತೆಳು ಮಾಡಿ ಮಡಿಸುವುದು

ಎಲ್ಲ ಪಟ್ಟಿಗಳ ಅಂಚಿನ ಮೂಲೆಯನ್ನು ಎರಡೂ ಬದಿಗೆ ಬೆವೆಲರ್‌ನಿಂದ ತೆಗೆಯಿರಿ. ಆಮೇಲೆ ಮಡಿಸುವ ತುದಿಯ ಕೊನೆಯ 3 ಸೆಂ.ಮೀ. ಮಾಂಸದ ಬದಿಯಿಂದ (ಚರ್ಮದ ಒರಟು ಒಳಮೈ) ಕೆತ್ತುತ್ತಾ ತುದಿಗೆ ಬರುವಾಗ 1 ಮಿ.ಮೀ. ಮಾಡಿ. ರಿಂಗು ಕೂರುವ ಬಾಗಿನಲ್ಲಿ ಮಾತ್ರ ಚರ್ಮ ತೆಳು ಮಾಡಬೇಡಿ. ಇಡೀ ಸಾಮಾನಿನಲ್ಲಿ ಮೊದಲು ಸವೆಯುವ ಜಾಗ ಅದು. ಬಾಗು ಒರಟಾಗಿ ಕಂಡರೆ ಒದ್ದೆ ಸ್ಪಂಜಿನಿಂದ ನೀರು ಸವರಿ, ಚರ್ಮ ಮತ್ತೆ ಮೊದಲಿನ ಬಣ್ಣಕ್ಕೆ ತಿರುಗುವ ಹೊತ್ತಿಗೆ ಮಡಿಸಿ ಕ್ಲಿಪ್ ಹಾಕಿ ಒಣಗಲು ಬಿಡಿ.

ಒದ್ದೆ ಚರ್ಮ ಕಬ್ಬಿಣಕ್ಕೆ ತಗಲದಂತೆ ನೋಡಿಕೊಳ್ಳಿ. ಹಿಂದೆ ಅಳಲೆಕಾಯಿ ಮತ್ತು ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದರಲ್ಲ, ಅದೇ ಕ್ರಿಯೆ ಇಲ್ಲೂ ನಡೆದು ಚರ್ಮದ ಮೇಲೆ ನೀಲಿಗಪ್ಪು ಕಲೆ ಕೂರುತ್ತದೆ. ಕೂಡಲೇ ನಿಂಬೆರಸ ಸವರಿ ತೊಳೆದರೆ ಬಹುಪಾಲು ಹೋಗುತ್ತದೆ.

ಬಕಲ್ ತುಂಡಿಗೆ ಮುಳ್ಳು ಹಾಯಲು 22 ಮಿ.ಮೀ. ಉದ್ದ, 5 ಮಿ.ಮೀ. ಅಗಲದ ಸೀಳು ಬೇಕು. ಎರಡು ತುದಿಯಲ್ಲಿ ದುಂಡು ತೂತು ಹೊಡೆದು ನಡುವೆ ಕತ್ತಿಯಲ್ಲಿ ಸೀಳಿ; ಚೂಪು ಮೂಲೆ ಬಿಟ್ಟರೆ ಅಲ್ಲಿಂದಲೇ ಹರಿಯುತ್ತದೆ. ಲೂಪಿನ ಉದ್ದಕ್ಕೆ ಲೆಕ್ಕ ಹಾಕುವುದಕ್ಕಿಂತ ಕಾಗದದ ಪಟ್ಟಿ ಸುತ್ತಿ ಗುರುತು ಮಾಡುವುದು ಸರಿ. 12 ಮಿ.ಮೀ. ಅಗಲ ಸಾಕು. ಅದರ ತುದಿಗಳನ್ನು ಮಡಿಕೆಯ ಎರಡು ಪದರದ ನಡುವೆ ಸೇರಿಸಿಯೇ ಹೊಲಿಯಬೇಕು, ಮರೆತರೆ ಹೊಲಿಗೆ ಬಿಚ್ಚುವುದೊಂದೇ ದಾರಿ.

ಹೊಲಿಗೆ

ಹದಿನಾಲ್ಕು ಕಡೆ ಹೊಲಿಗೆ ಬರುತ್ತದೆ. ಮೊದಲು ಕಸದ ಚರ್ಮದ ಎರಡು ಪದರದ ಮೇಲೆ ಒಂದು ಅಡಿ ಉದ್ದದ ಹೊಲಿಗೆ ಮೂರು ಸಲ ಹಾಕಿ, ಮೂರನೆಯದು ಹಿಂದೆ ಮುಂದೆ ಒಂದೇ ತರ ಕಂಡ ಮೇಲೆ ನಿಜವಾದದ್ದಕ್ಕೆ ಕೈ ಹಾಕಿ.

ಅಂಚಿನಿಂದ 4 ಮಿ.ಮೀ. ಬಿಟ್ಟು ಗೆರೆ ಎಳೆದು ಉಳಿಯಿಂದ ಗುರುತು ಒತ್ತಿ. ಗುರುತು 5 ಮಿ.ಮೀ.ಗಿಂತ ತೀರಾ ಹತ್ತಿರವಾದರೆ ಅಂದ ಹೆಚ್ಚಿದಂತೆ ಕಾಣುತ್ತದೆ, ಆದರೆ ಎಳೆತ ಬಿದ್ದಾಗ ಪಟ್ಟಿ ಅಂಚೆಚೀಟಿಯ ಅಂಚಿನ ಹಾಗೆ ಸಾಲಾಗಿ ಹರಿಯುತ್ತದೆ. 8 ಮಿ.ಮೀ. ದಪ್ಪದ ಮಡಿಕೆಗೆ ಉಳಿಯನ್ನು ಪೂರ್ತಿ ಹೊಡೆದು ಇಳಿಸಬೇಡಿ, ಹಿಂದೆ ತೂತು ಸೊಟ್ಟಗೆ ಬರುತ್ತದೆ. ಉಳಿಯಿಂದ ಗುರುತು, ಕೈಯುಳಿಯಿಂದ ಒಂದೊಂದೇ ತೂತು.

ದಾರ ಎಷ್ಟು ಬೇಕು? ಒಂದು ಹೊಲಿಗೆಗೆ ಪ್ರತಿ ಸೂಜಿಯ ದಾರ 5 ಮಿ.ಮೀ. ಮುಂದೆ ಹೋಗಿ 8 ಮಿ.ಮೀ. ಒಳಗೆ ಹಾಯುತ್ತದೆ, ಎರಡೂ ಸೇರಿ 26 ಮಿ.ಮೀ. ಅಂದರೆ ಹೊಲಿಗೆಯ ಉದ್ದದ ಐದು ಪಟ್ಟಿಗೂ ಸ್ವಲ್ಪ ಹೆಚ್ಚು. ಆರು ಪಟ್ಟು ಹಿಡಿದು, ಸೂಜಿಗಳಿಗೆಂದು 30 ಸೆಂ.ಮೀ. ಸೇರಿಸಿ. ಪರ್ಸಿನ ತೆಳು ಚರ್ಮಕ್ಕೆ ಹೇಳುವ ನಾಲ್ಕು ಪಟ್ಟಿನ ಲೆಕ್ಕ ಇಲ್ಲಿ ನಡುದಾರಿಯಲ್ಲಿ ಕೈ ಕೊಡುತ್ತದೆ. ದಾರವನ್ನು ಜೇನುಮೇಣದ ಮೇಲೆ ಮೂರು ನಾಲ್ಕು ಸಲ ಎಳೆಯಿರಿ.

ಒಂದೇ ದಾರದ ಎರಡು ತುದಿಗೂ ಸೂಜಿ. ಮೊದಲ ತೂತಿನಲ್ಲಿ ದಾರ ಹಾಯಿಸಿ ಎರಡು ಬದಿಗೂ ಸಮ ಮಾಡಿ. ಮುಂದಿನ ತೂತಿಗೆ ಕೈಯುಳಿ ಹಾಕಿ ತೆಗೆಯುತ್ತಿದ್ದಂತೆಯೇ ಎಡಗೈ ಸೂಜಿ ಹಾಯಿಸಿ ಒಂದು ಗೇಣು ಎಳೆಯಿರಿ. ಆ ದಾರವನ್ನು ಸ್ವಲ್ಪ ಹಿಂದಕ್ಕೆ ಜಗ್ಗಿ ಹಿಡಿದು, ಅದೇ ತೂತಿನಲ್ಲಿ ಅದರ ಕೆಳಗಿನಿಂದ ಬಲಗೈ ಸೂಜಿ ಹಾಯಿಸಿ. ಜಗ್ಗದೆ ಹಾಯಿಸಿದರೆ ಸೂಜಿ ದಾರವನ್ನೇ ಚುಚ್ಚಿ, ಹೊಲಿಗೆ ಬಿಗಿಯಾಗದೆ ನಿಲ್ಲುತ್ತದೆ. ಎರಡೂ ಕೈ ಒಂದೇ ಬಲದಲ್ಲಿ ಎಳೆಯಿರಿ, ದಾರ ಚರ್ಮದೊಳಗೆ ಕೂರುವಷ್ಟು ಮಾತ್ರ. ಪ್ರತಿ ತೂತಿಗೂ ಇದೇ ಕ್ರಮ. ಒಂದೆಡೆ ಎಡ ಮೊದಲು, ಇನ್ನೊಂದೆಡೆ ಬಲ ಮೊದಲು ಮಾಡಿದರೆ ಓರೆ ಸಾಲು ಕೆಟ್ಟು ಹೊಲಿಗೆ ಹಲ್ಲುಹಲ್ಲಾಗಿ ಕಾಣುತ್ತದೆ. ಕೊನೆಯಲ್ಲಿ ಮೂರು ತೂತು ಹಿಂದಕ್ಕೆ ಹೊಲಿದು ದಾರ ಸಮಕ್ಕೆ ಕತ್ತರಿಸಿ. ಗಂಟು ಹಾಕಬೇಡಿ, ಅದು ಕುದುರೆಯ ಚರ್ಮ ಉಜ್ಜುತ್ತದೆ.

ಮಿಷಿನ್ ಹೊಲಿಗೆಯಲ್ಲಿ ಮೇಲಿನ ದಾರ ಮೇಲೇ, ಕೆಳಗಿನದು ಕೆಳಗೇ ಇದ್ದು ನಡುವೆ ಕೊಂಡಿ ಬೀಳುತ್ತದೆ. ಒಂದು ಕಡೆ ದಾರ ಸವೆದರೆ ಸಾಲು ಬಿಚ್ಚುತ್ತಾ ಹೋಗುತ್ತದೆ. ಕೈಹೊಲಿಗೆಯಲ್ಲಿ ಎರಡೂ ದಾರ ಪ್ರತಿ ತೂತಿನಲ್ಲಿ ಹಾಯ್ದಿರುವುದರಿಂದ ಒಂದು ಹರಿದರೂ ಇನ್ನೊಂದು ಹಿಡಿದಿರುತ್ತದೆ. ಇಷ್ಟು ತಾಳ್ಮೆ ಬೇಡುವ ಕೆಲಸಕ್ಕೆ ಕೂರುವುದು ಇದಕ್ಕಾಗಿಯೇ.

ತೂತು, ಅಂಚು, ಎಣ್ಣೆ

ತಲೆಪಟ್ಟಿಯ ಪ್ರತಿ ತುದಿಗೆ ಐದು ತೂತು, 25 ಮಿ.ಮೀ. ಅಂತರದಲ್ಲಿ, ತುದಿಯಿಂದ 7 ಸೆಂ.ಮೀ. ಬಿಟ್ಟು ಹೊಡೆಯಿರಿ. ಕುದುರೆಗೆ ಸರಿಹೋಗುವ ಅಳತೆ ನಡುವಿನ ತೂತಿಗೆ ಬರಲಿ. ಅಂಚಿಗೆ ಸ್ವಲ್ಪವೇ ನೀರು ಸವರಿ ಮರದ ಕೊರಡಿನಿಂದ ಬಿಸಿಯಾಗುವವರೆಗೆ ಉಜ್ಜಿ, ಮೇಲೆ ಜೇನುಮೇಣ ಹಚ್ಚಿ ಬಟ್ಟೆಯಿಂದ ಮತ್ತೆ ಉಜ್ಜಿ. ಬಣ್ಣ ಹಾಕುವುದಾದರೆ ಒಣಗಿದ ಮೇಲೆ ಬಿಳಿ ಬಟ್ಟೆಗೆ ಏನೂ ಹತ್ತದವರೆಗೆ ಒರೆಸಿ. ಬೆವರಿಗೆ ಬಣ್ಣ ಬಿಟ್ಟರೆ ಬಿಳಿ ಕುದುರೆಯ ಮುಖದ ಮೇಲೆ ಪಟ್ಟೆ ಮೂಡುತ್ತದೆ.

ನೀಟ್ಸ್‌ಫುಟ್ ಎಣ್ಣೆಯನ್ನು (ದನದ ಕಾಲಿನ ಮೂಳೆಯಿಂದ ತೆಗೆಯುವ ಎಣ್ಣೆ) ತೆಳ್ಳಗೆ ಎರಡು ಸಲ, ನಡುವೆ ಒಂದು ದಿನ ಬಿಟ್ಟು ಹಚ್ಚಿ. ಎಣ್ಣೆಯಲ್ಲಿ ನೆನೆಸಿಟ್ಟರೆ ಚರ್ಮ ಬಲಹೀನವಾಗಿ ಹಿಗ್ಗುತ್ತದೆ. ಸಾಸಿವೆ ಎಣ್ಣೆ ಬೇಡ, ಗಾಳಿಗೆ ಅಂಟಾಗಿ ಧೂಳು ಹಿಡಿಯುತ್ತದೆ. ನೆನೆದ ಸಾಮಾನನ್ನು ಒಲೆಯ ಹತ್ತಿರ ಒಣಗಿಸಬೇಡಿ. ಒದ್ದೆಯಿದ್ದಾಗ 70 ಡಿಗ್ರಿ ದಾಟಿದ ಬಿಸಿಗೆ ಚರ್ಮ ಮುದುಡಿ ಸೀಳುತ್ತದೆ, ಮತ್ತೆ ಸರಿಹೋಗುವುದಿಲ್ಲ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ವಾರದಲ್ಲಿ ಬೂಷ್ಟು. ಗಾಳಿಯಾಡುವ ಕಡೆ ತೂಗುಹಾಕಿ. ಬೂಷ್ಟು ಬಂದರೆ ವಿನೆಗರ್ ಬೆರೆಸಿದ ನೀರಿನಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ಆಮೇಲೆ ಎಣ್ಣೆ.

ಕುದುರೆಗೆ ಹಾಕುವ ಮುನ್ನ ಗದ್ದದ ರಿಂಗನ್ನು ಕಂಬಕ್ಕೆ ಕಟ್ಟಿ, ನಿಮ್ಮ ಮೈಭಾರ ಬಿಟ್ಟು ಜಗ್ಗಿ, ಹದಿನಾಲ್ಕು ಹೊಲಿಗೆಗಳನ್ನೂ ಬೆಳಕಿಗೆ ಹಿಡಿದು ನೋಡಿ. ಎಲ್ಲಾದರೂ ಪದರ ಬಾಯಿಬಿಟ್ಟಿದ್ದರೆ ಆ ಹೊಲಿಗೆ ಪೂರ್ತಿ ಬಿಚ್ಚಿ ಹೊಸದಾಗಿ ಹಾಕಿ. ಲಾಯದಲ್ಲಿ ಕಟ್ಟುವಾಗ ಹಗ್ಗವನ್ನು ನೇರ ಗೋಡೆಯ ರಿಂಗಿಗೆ ಕಟ್ಟದೆ, ಕುದುರೆ ಬೆದರಿ ಎಳೆದರೆ ಹರಿಯುವಂತೆ ನಡುವೆ ಸೆಣಬಿನ ದಾರದ ಕುಣಿಕೆ ಹಾಕಿಸಿ. ವಾರಕ್ಕೊಮ್ಮೆ ರಿಂಗು ಕೂರುವ ಬಾಗುಗಳನ್ನು ತಿರುಗಿಸಿ ನೋಡಿ. ಬಿರುಕಿನ ಸಣ್ಣ ಗೆರೆ ಕಂಡರೆ ಆ ತುಂಡು ಬದಲಿಸಿ. ಮತ್ತೆ ಈ ಚರ್ಮದಲ್ಲೇ ಇನ್ನೊಂದು ತಲೆಪಟ್ಟಿಯನ್ನು ಈಗಲೇ ಕತ್ತರಿಸಿ, ತೂತು ಹೊಡೆದು, ಎಣ್ಣೆ ಹಚ್ಚಿ ಲಾಯದ ಮೊಳೆಗೆ ತೂಗುಹಾಕಿಡಿ.