ದ್ವಿತೀಯ ಪಿಯುಸಿಯ ಕಷ್ಟ ಇರೋದು ಡಿಸೆಂಬರಿನಲ್ಲಿ

ದ್ವಿತೀಯ ಪಿಯುಸಿ ಶುರುವಾಗುವಾಗ ಓದುವ ಹುಮ್ಮಸ್ಸು ಯಾರಿಗಿರುವುದಿಲ್ಲ ಹೇಳಿ? ಪರೀಕ್ಷೆ ಹತ್ತಿರ ಬಂದರೆ ಭಯವೇ ಪುಸ್ತಕ ಹಿಡಿಸುತ್ತದೆ. ದಾಟಲು ಕಷ್ಟವಾಗುವುದು ನಡುವಿನ ತಿಂಗಳುಗಳು. ನಾನು ಓದಿದ್ದು ಸೈನ್ಸ್, ಊರು ತೀರ್ಥಹಳ್ಳಿ ತಾಲ್ಲೂಕಿನ ಒಳಗೆ.

ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತಿತ್ತು. ವಿಡಿಯೋ ಪಾಠ ನೆಚ್ಚಿಕೊಂಡರೆ ಆಗುವುದಿಲ್ಲ ಎಂದು ನೋಟ್ಸನ್ನೆಲ್ಲ ಕಾಗದದಲ್ಲೇ ಇಟ್ಟುಕೊಂಡೆ. ಮಳೆ ರಜೆ ಸಿಕ್ಕ ದಿನ ಫಿಸಿಕ್ಸ್ ಡಿರೈವೇಷನ್ ಬರೆಯುವುದಕ್ಕೆ ಮೀಸಲು.

ಕೆಮಿಸ್ಟ್ರಿ ಮೇಲೆ ಪ್ರೀತಿ ಹುಟ್ಟಿದ್ದು ಮಾತ್ರ ತೋಟದಲ್ಲಿ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ಎಂಬ ದ್ರಾವಣ ಹೊಡೆಯಲು ಅಪ್ಪ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ಅಂದರೆ ಕಾಪರ್ ಸಲ್ಫೇಟ್), ಒಂದು ಕೆಜಿ ಸುಣ್ಣ ಸೇರಿಸುತ್ತಿದ್ದರು. ಆಮೇಲೆ ಉಜ್ಜಿದ ಕತ್ತಿಯನ್ನು ಅದರಲ್ಲಿ ಅದ್ದಿ ತೆಗೆಯುವುದು. ಅಲಗಿಗೆ ಕೆಂಪು ಹಿಡಿದರೆ, "ಸುಣ್ಣ ಸಾಲ್ದು, ಇನ್ನೊಂಚೂರು ಹಾಕು" ಅನ್ನುತ್ತಿದ್ದರು. ಎಲೆಕ್ಟ್ರೋಕೆಮಿಸ್ಟ್ರಿ ಪಾಠದಲ್ಲಿ ಯಾವ ಲೋಹ ಎಷ್ಟು ಸುಲಭವಾಗಿ ಎಲೆಕ್ಟ್ರಾನ್ ಬಿಡುತ್ತದೆ ಎಂದು ತೋರಿಸುವ ಪಟ್ಟಿಯಲ್ಲಿ ಕಬ್ಬಿಣಕ್ಕೆ ‑0.44 ವೋಲ್ಟ್, ತಾಮ್ರಕ್ಕೆ +0.34 ಎಂದು ನೋಡಿದಾಗ ಆ ಕೆಂಪು ಏನೆಂದು ತಿಳಿಯಿತು. ದ್ರಾವಣದಲ್ಲಿ ಉಳಿದ ತಾಮ್ರ ಕಬ್ಬಿಣದ ಮೇಲೆ ಬಂದು ಕೂರುತ್ತದೆ, ಕಬ್ಬಿಣ ಕರಗಿ ದ್ರಾವಣಕ್ಕೆ ಇಳಿಯುತ್ತದೆ. ಆ ಪಟ್ಟಿಯನ್ನು ನಾನು ಬಾಯಿಪಾಠ ಮಾಡಲೇ ಇಲ್ಲ, ಅದು ತಾನಾಗಿ ಉಳಿಯಿತು. ಓದುವ ಮನಸ್ಸು ಹೊರಗಿಂದ ಯಾರೋ ತುಂಬುವುದಲ್ಲ, ಅರ್ಥವಾದ ಖುಷಿಯಿಂದ ಬರುತ್ತದೆ ಎಂದು ನಾನು ನಂಬಿದ್ದು ಅಲ್ಲಿಂದ.

ಆದರೆ ಆ ಖುಷಿ ದಿನಾ ಸಿಗುವುದಿಲ್ಲವಲ್ಲ. ಡಿಸೆಂಬರಿಗೆ ಅಡಿಕೆ ಸುಗ್ಗಿ ಬಂತು. ರಾತ್ರಿ ಜಗಲಿ ತುಂಬ ಸುಲಿಯುವವರು, ಮಾತು, ನಗು. ಒಳಗೆ ಇಂಟಿಗ್ರೇಷನ್ ಮುಂದಿಟ್ಟುಕೊಂಡು ನಾನು. ಎರಡು ಗಂಟೆ ಕೂತೆ ಎಂಬ ಲೆಕ್ಕ ಬರೆದಿಡುತ್ತಿದ್ದೆ, ಮನಸ್ಸಿಗೆ ಅದರಿಂದ ಏನೂ ಸಿಗುತ್ತಿರಲಿಲ್ಲ. ಜಗಲಿಯಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತವರನ್ನು ನೋಡಿದೆ. ಅವರ ಲೆಕ್ಕ ಡಬ್ಬದ್ದು. ಡಬ್ಬ ತುಂಬಿದರೆ ಒಂದು, ಅರ್ಧವಾದರೆ ಅರ್ಧ. ಅವತ್ತಿನಿಂದ ನಾನೂ ಗಂಟೆ ಬರೆಯುವುದು ಬಿಟ್ಟೆ. ಪುಸ್ತಕ ಮುಚ್ಚಿ, ನೋಡದೆ, ಕೊನೆ ಸಾಲಿನವರೆಗೆ ಬರೆದ ಉತ್ತರ ಮಾತ್ರ ಲೆಕ್ಕಕ್ಕೆ. ಕೆಮಿಸ್ಟ್ರಿಯ ಆಲ್ಡಾಲ್ ರಿಯಾಕ್ಷನ್ ಅರ್ಧಕ್ಕೆ ನಿಂತರೆ ಅರ್ಧ. ಬೇಸರದ ದಿನವೂ ಒಂದು ಪೂರ್ತಿ ಮಾಡಿ ಮಲಗಬಹುದಿತ್ತು, ಅಷ್ಟಾದರೆ ಮರುದಿನ ಕೂರಲು ಭಾರ ಅನಿಸುತ್ತಿರಲಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಮುಗಿಸಿದ್ದು ಹೀಗೆಯೇ.

ಪ್ರಾಕ್ಟಿಕಲ್‌ಗೆ ಹೆಚ್ಚು ಹೇಳುವುದಿಲ್ಲ. ಫಿಸಿಕ್ಸ್, ಕೆಮಿಸ್ಟ್ರಿಯಲ್ಲಿ 30 ಅಂಕ ಅದರದ್ದೇ, ಲ್ಯಾಬ್ ತಪ್ಪಿಸಬೇಡಿ.

ಒಂದೇ ಪರೀಕ್ಷೆಯಲ್ಲಿ ಬದುಕು ನಿಂತಿದೆ ಎಂಬ ಹೆದರಿಕೆಯೂ ಮನಸ್ಸನ್ನು ತಿನ್ನುತ್ತದೆ. 2024ರಿಂದ ಪರೀಕ್ಷಾ ಮಂಡಳಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುತ್ತಿದೆ. ಪರೀಕ್ಷೆ-1 ಕೈಕೊಟ್ಟರೆ ಪರೀಕ್ಷೆ-2 ಇದ್ದೇ ಇದೆ. ಮನೆಯವರಿಗೂ ಇದನ್ನು ಬಿಡಿಸಿ ಹೇಳಿ. ನಮ್ಮಮ್ಮನಿಗೆ ಹೇಳಿದ ಮೇಲೆ ಮನೆಯಲ್ಲಿ ಅಂಕದ ಮಾತು ಎಷ್ಟೋ ಕಡಿಮೆಯಾಯಿತು.

ಇನ್ನು ಬೆಳಗಿನ ಬಸ್ಸು. ಗೆಳತಿ ಪಕ್ಕದ ಸ್ಟಾಪಿನಲ್ಲಿ ಹತ್ತುತ್ತಿದ್ದಳು. ಕೂತ ಕೂಡಲೇ, "ನಿನ್ನೆ ಎಷ್ಟು ಡಬ್ಬ ಮಾರಾಯ್ತಿ?" ಎಂದು ಕೇಳುತ್ತಿದ್ದಳು. ಹೇಳಿದ ಉತ್ತರದಲ್ಲಿ ಒಂದನ್ನು ಆರಿಸಿ ಅಲ್ಲೇ ಪ್ರಶ್ನೆ. ನಾನೂ ಅವಳಿಗೆ ಹಾಗೇ. ಅಂಥ ಒಬ್ಬರನ್ನು ಈಗಲೇ ಹುಡುಕಿಕೊಳ್ಳಿ, ಸುಗ್ಗಿ ಬರುವ ಮೊದಲು.