ಲೆನ್ಸ್ ಆರಿಸುವ ಮೊದಲು ನಿಮ್ಮ ಕಣ್ಣು ನೋಡಿ, ಆಮೇಲೆ ನಿಮ್ಮ ದಿನ ನೋಡಿ

"ಅತ್ತೀ, ಫೋಟೋದಾಗ ಚಷ್ಮಾ ಬ್ಯಾಡ. ಲೆನ್ಸ್ ತರಿಸ್ತೇನಿ," ಎಂದಳು ಅಣ್ಣನ ಮಗಳು. ನಿಶ್ಚಯಕ್ಕೆ ಇನ್ನೊಂದು ತಿಂಗಳಿತ್ತು. ಫೋನಿನಲ್ಲಿ ಚಷ್ಮಾ ಚೀಟಿಯ ಫೋಟೋ ಇತ್ತು, ಆರ್ಡರ್ ಒತ್ತುವುದಷ್ಟೇ ಬಾಕಿ. "ಸ್ವಲ್ಪ ತಡಿ" ಎಂದೆ. ನಾನು ಕಾಂಟ್ಯಾಕ್ಟ್ ಲೆನ್ಸ್ ಹಾಕಲು ಶುರು ಮಾಡಿ ಹನ್ನೆರಡು ವರ್ಷವಾಯಿತು. ಮೊದಲೆರಡು ವರ್ಷ ಆರಿಸಿದ್ದೆಲ್ಲ ತಪ್ಪೇ.

ಚಷ್ಮಾ ಚೀಟಿ ಸಾಲದು

ಚಷ್ಮಾದ ಗಾಜು ಕಣ್ಣಿನಿಂದ ಸುಮಾರು 12 ಮಿ.ಮೀ. ದೂರ ಇರುತ್ತದೆ. ಲೆನ್ಸ್ ಕೂರುವುದು ಕಣ್ಣಿನ ಮೇಲೆಯೇ. ಹಾಗಾಗಿ ನಂಬರ್ ಮೈನಸ್ 4 ದಾಟಿದರೆ ಎರಡಕ್ಕೂ ಒಂದೇ ಪವರ್ ಆಗುವುದಿಲ್ಲ. ಚಷ್ಮಾದಲ್ಲಿ ಮೈನಸ್ 6 ಇದ್ದವರಿಗೆ ಲೆನ್ಸ್‌ನಲ್ಲಿ ಮೈನಸ್ 5.50ರ ಆಸುಪಾಸು ಸಾಕಾಗುತ್ತದೆ.

ಇನ್ನೊಂದು, ಅಳತೆ. ಲೆನ್ಸ್ ಡಬ್ಬಿಯ ಮೇಲೆ 8.4, 8.6 ಎಂದು ಬರೆದಿರುತ್ತದೆ. ಅದು ಬೇಸ್ ಕರ್ವ್, ಅಂದರೆ ಲೆನ್ಸ್‌ನ ಒಳಬಾಗು. ಚಪ್ಪಲಿ ಅಳತೆ ಇದ್ದ ಹಾಗೆ ಅನ್ನಿ. ಬಿಗಿಯಾದರೆ ಕಣ್ಣು ಕೆಂಪಾಗುತ್ತದೆ, ಸಡಿಲಾದರೆ ರೆಪ್ಪೆ ಬಡಿದಾಗಲೆಲ್ಲ ಜಾರುತ್ತದೆ. ಇದನ್ನು ಫೋನ್ ಹೇಳುವುದಿಲ್ಲ. ಕಣ್ಣಿನ ಡಾಕ್ಟರ್ ಅಥವಾ ಆಪ್ಟೋಮೆಟ್ರಿಸ್ಟ್ ಟ್ರಯಲ್ ಲೆನ್ಸ್ ಹಾಕಿಸಿ, ಹತ್ತಿಪ್ಪತ್ತು ನಿಮಿಷ ಕೂಡಿಸಿ, ಆಮೇಲೆ ಮೆಷಿನ್‌ನಲ್ಲಿ ನೋಡಬೇಕು. ಕಣ್ಣೀರು ಸಾಕಷ್ಟಿದೆಯೋ, ಕಣ್ಣು ಒಣಗುತ್ತದೋ ಅನ್ನುವುದನ್ನೂ ಆಗಲೇ ಕೇಳಿಬಿಡಿ.

ಕೆಲವನ್ನು ಕಣ್ಣೇ ಆರಿಸುತ್ತದೆ

ನಮ್ಮ ಹುಡುಗಿಯ ಚೀಟಿಯಲ್ಲಿ ಎಡಗಣ್ಣಿಗೆ ಸಿಲಿಂಡರ್ ಮೈನಸ್ 1.25 ಇತ್ತು. ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದಿದ್ದರೆ ಬರೆಯುವ ನಂಬರ್ ಅದು. ಅದನ್ನು ಅವಳು ನೋಡಿರಲೇ ಇಲ್ಲ. ಸಾದಾ ಲೆನ್ಸ್ ತರಿಸಿದ್ದರೆ ಆ ಕಣ್ಣಿಗೆ ಅಕ್ಷರಕ್ಕೆಲ್ಲ ನೆರಳು ಹಿಡಿದಂತೆ ಕಾಣುತ್ತಿತ್ತು. ಸಿಲಿಂಡರ್ 0.75 ಅಥವಾ ಅದಕ್ಕಿಂತ ಜಾಸ್ತಿ ಇದ್ದವರಿಗೆ ಸಾಮಾನ್ಯವಾಗಿ ಟೋರಿಕ್ ಲೆನ್ಸ್ ಕೊಡುತ್ತಾರೆ. ಕಣ್ಣಿನೊಳಗೆ ತಿರುಗದೆ ನೆಟ್ಟಗೆ ನಿಲ್ಲುವ ಹಾಗೆ ಅದನ್ನು ಮಾಡಿರುತ್ತಾರೆ.

ನಲವತ್ತು ದಾಟಿ ಚಾಳೀಸು ಬಂದವರಿಗೆ ದೂರ, ಹತ್ತಿರ ಎರಡನ್ನೂ ತೋರಿಸುವ ಮಲ್ಟಿಫೋಕಲ್ ಇದೆ. ಕೆರಟೋಕೋನಸ್ ಇದ್ದವರಿಗೆ, ಅಂದರೆ ಕರಿಗುಡ್ಡೆಯ ಮುಂಭಾಗ ತೆಳುವಾಗಿ ಚೂಪಾದವರಿಗೆ, ಮೆತ್ತನೆ ಲೆನ್ಸ್ ಸಾಲದೆ ಗಟ್ಟಿ ಲೆನ್ಸ್ ಬೇಕಾಗಬಹುದು. ನೋಟ ಸ್ಪಷ್ಟ, ಆದರೆ ರೂಢಿಯಾಗಲು ದಿನ ಹಿಡಿಯುತ್ತದೆ. ಗದಗಿನ ಗಾಳಿಯಲ್ಲಿ ಹೆಲ್ಮೆಟ್ ಗಾಜು ಎತ್ತಿ ಗಾಡಿ ಓಡಿಸುವಾಗ ಒಂದು ದೂಳಿನ ಕಣ ಅದರಡಿ ಹೊಕ್ಕರೆ ಗಾಡಿ ನಿಲ್ಲಿಸಲೇಬೇಕು.

ದಿನದ್ದೋ, ತಿಂಗಳದ್ದೋ?

ಜಾಸ್ತಿ ಜನ ಎಡವುವುದು ಇಲ್ಲೇ. ತಿಂಗಳ ಲೆನ್ಸ್ ಅಗ್ಗ ಅನ್ನಿಸುತ್ತದೆ. ಆದರೆ ಅದರ ತಿಂಗಳು ಶುರುವಾಗುವುದು ಪ್ಯಾಕ್ ಒಡೆದ ದಿನದಿಂದ. ನಾಲ್ಕೇ ದಿನ ಹಾಕಿದರೂ 30 ದಿನಕ್ಕೆ ಎಸೆಯಬೇಕು. ನಾನು "30 ಸಲ ಹಾಕಬಹುದು" ಅಂದುಕೊಂಡು ಒಂದೇ ಜೋಡಿಯನ್ನು ನಾಲ್ಕು ತಿಂಗಳು ಎಳೆದೆ. ಕಣ್ಣು ಕೆಂಪಾಗಿ ಡಾಕ್ಟರ್ ಹತ್ತಿರ ಬೈಸಿಕೊಂಡಿದ್ದೇ ಲಾಭ.

ಹಾಗಾಗಿ ಒಂದು ವಾರ ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ವಾರಕ್ಕೆ ಐದಾರು ದಿನ ಬೇಕೇ? ತಿಂಗಳದ್ದು ಸರಿ, ರಾತ್ರಿ ತೊಳೆದಿಡುವ ಶಿಸ್ತು ಇದ್ದರೆ. ಮದುವೆ, ಮುಂಜಿ, ಆಟಕ್ಕೆ ಮಾತ್ರವೇ? ಒಂದೇ ದಿನ ಹಾಕಿ ಎಸೆಯುವ ದಿನದ ಲೆನ್ಸ್ ತೊಗೊಳ್ಳಿ. ವಾರಕ್ಕೆರಡು ಸಲವಾದರೆ ತಿಂಗಳಿಗೆ ಎಂಟೊಂಬತ್ತು ಜೋಡಿ, ಲೆನ್ಸ್ ತೊಳೆದಿಡುವ ಸೊಲ್ಯೂಷನ್ ಖರ್ಚು ಇಲ್ಲ. ಹುಬ್ಬಳ್ಳಿಯ ರಂಗಪಂಚಮಿಗೆ ಮಾತ್ರ ಯಾವ ಲೆನ್ಸೂ ಬೇಡ. ಮೆತ್ತನೆ ಲೆನ್ಸ್ ಬಣ್ಣ ಹೀರಿಕೊಂಡು ಕಣ್ಣಿಗೇ ಒತ್ತಿ ಹಿಡಿಯುತ್ತದೆ.

ದಿನವಿಡೀ ಹಾಕುವವರು ಸಿಲಿಕೋನ್ ಹೈಡ್ರೋಜೆಲ್ ಎಂಬ ವಸ್ತುವಿನಿಂದ ಮಾಡಿದ ಲೆನ್ಸ್ ಇದೆಯಾ ಎಂದು ಕೇಳಿ. ಕರಿಗುಡ್ಡೆಯ ಮುಂದಿನ ಪೊರೆಗೆ ರಕ್ತನಾಳ ಇಲ್ಲ, ಆಮ್ಲಜನಕ ಬಹುಪಾಲು ಗಾಳಿಯಿಂದಲೇ ಸಿಗಬೇಕು. ಹಳೆಯ ಹೈಡ್ರೋಜೆಲ್‌ಗಿಂತ ಇದು ಅದನ್ನು ಜಾಸ್ತಿ ಬಿಡುತ್ತದೆ. ಹಾಗಂತ ಹಾಕಿಕೊಂಡೇ ಮಲಗಬೇಡಿ.

ನೀರು, ಮೆಣಸಿನಕಾಯಿ

ನಮ್ಮಲ್ಲಿ ನಳದ ನೀರು ದಿನಗಟ್ಟಲೆ ಬಿಟ್ಟು ಬರುತ್ತದೆ, ಡ್ರಮ್ಮಿನಲ್ಲಿ ತುಂಬಿಡುತ್ತೇವೆ. ಸೊಲ್ಯೂಷನ್ ಮುಗಿದರೆ ಆ ನೀರಿಗೆ ಕೈ ಹೋಗುವುದು ಸಹಜ. ಬೇಡವೇ ಬೇಡ. ನಳದ ನೀರಾಗಲಿ, ಫಿಲ್ಟರ್ ನೀರಾಗಲಿ, ಲೆನ್ಸ್‌ಗಾಗಲಿ ಅದರ ಡಬ್ಬಿಗಾಗಲಿ ತಾಗಬಾರದು. ನೀರಿನಲ್ಲಿರುವ ಅಕಾಂತಮೀಬಾ ಎಂಬ ಜೀವಿ ಲೆನ್ಸ್ ಅಡಿ ಸೇರಿದರೆ ದೃಷ್ಟಿಗೇ ಕುತ್ತು. ಸ್ನಾನ, ಈಜು ಎಲ್ಲ ಲೆನ್ಸ್ ತೆಗೆದ ಮೇಲೆ.

ಒಂದು ಸಲ ಬ್ಯಾಡಗಿ ಮೆಣಸಿನಕಾಯಿ ತೊಟ್ಟು ಬಿಡಿಸಿ, ಮೂರು ಸಲ ಸಾಬೂನು ಹಚ್ಚಿ ಕೈ ತೊಳೆದು, ರಾತ್ರಿ ಲೆನ್ಸ್ ತೆಗೆಯಲು ಹೋದೆ. ಬ್ಯಾಡಗಿ ಬಣ್ಣಕ್ಕೆ ಚಲೋ, ಖಾರ ಕಡಿಮೆ ಅಂತಾರಲ್ಲ. ಕಣ್ಣಿಗೆ ಹಾಗೇನೂ ಅನ್ನಿಸಲಿಲ್ಲ! ಪ್ಯಾಕ್ ಒಡೆದು ನಾಲ್ಕೇ ದಿನವಾದ ಆ ಜೋಡಿಯನ್ನು ಎಸೆದೆ. ಅಡುಗೆಮನೆ, ಮಿರ್ಚಿ ಬಂಡಿ, ಮೆಣಸಿನಕಾಯಿ ಪೇಟೆಯಲ್ಲಿ ಕೆಲಸ ಇರುವವರು ಕೆಲಸದ ಹೊತ್ತಿಗೆ ಚಷ್ಮಾ ಹಾಕುವುದೇ ವಾಸಿ.

ಬಣ್ಣದ ಲೆನ್ಸ್‌ಗೆ ಪವರ್ ಇಲ್ಲದಿದ್ದರೂ ಅಳತೆ ಬೇಕು. ಗೆಳತಿಯ ಲೆನ್ಸ್ ಇಸಕೊಂಡು ಹಾಕಬೇಡಿ. ನೋವು, ಕೆಂಪು, ಮಸುಕು ಕಂಡರೆ ಲೆನ್ಸ್ ತೆಗೆದು ಅವತ್ತೇ ಡಾಕ್ಟರ್‌ಗೆ ತೋರಿಸಿ.

ಕೊನೆಗೆ ಹುಡುಗಿ ತೊಗೊಂಡಿದ್ದು ದಿನದ ಲೆನ್ಸ್, ಎಡಗಣ್ಣಿಗೆ ಟೋರಿಕ್. ಮೊದಲ ದಿನ ಕನ್ನಡಿ ಮುಂದೆ ಮುಕ್ಕಾಲು ಗಂಟೆ ಹೋಯಿತು. ಲೆನ್ಸನ್ನು ಬೆರಳ ತುದಿಯಲ್ಲಿಟ್ಟು ಪಕ್ಕದಿಂದ ನೋಡುವುದನ್ನು ಹೇಳಿಕೊಟ್ಟೆ: ಬಟ್ಟಲಿನಂತೆ ಅಂಚು ಮೇಲಕ್ಕೆ ನಿಂತಿದ್ದರೆ ಸರಿ, ತಾಟಿನಂತೆ ಹೊರಗೆ ಬಾಗಿದ್ದರೆ ಉಲ್ಟಾ. ನಿಶ್ಚಯದ ಬೆಳಿಗ್ಗೆ, ಕಾಡಿಗೆ ಹಚ್ಚುವ ಮೊದಲು, ಒಳಮನೆಯಿಂದ ಕೂಗು ಬಂತು: "ಅತ್ತೀ, ತಾಟು ಆಗೇತಿ!" ನಾನು ಏಳುವಷ್ಟರಲ್ಲಿ ತಾನೇ ತಿರುವಿ ಹಾಕಿಕೊಂಡಿದ್ದಳು.