ರಸ್ತೆ ಬೇರೆ, ಮನೆ ಬೇರೆ: ಒಂದು ಗಾಂಜಾ ಕೇಸಿನ ನನ್ನ ಅನುಭವ

ಎನ್‌ಡಿಪಿಎಸ್ (ಮಾದಕ ವಸ್ತು ತಡೆ ಕಾಯ್ದೆ) ಕೇಸಿನಲ್ಲಿ, ವಾರಂಟ್ ಇಲ್ಲದೆ ಮನೆಯಂಥ ಜಾಗ ಶೋಧಿಸಲು ಷರತ್ತು ಹಾಕುವ 42ನೇ ಸೆಕ್ಷನ್ ಹಿಡಿದು ಹೋಗುತ್ತೇನೆ ಅಂದಾಗ ವಕೀಲರ ಸಂಘದಲ್ಲಿ ನಕ್ಕವರೇ ಜಾಸ್ತಿ. ‘ಆಸಾಮಿ ಸಿಕ್ಕಿದ್ದು ಬಸ್ ಸ್ಟಾಪಿನಲ್ಲಿ. ಅದು 43ರ ಕೇಸು, ಅಂದರೆ ಸಾರ್ವಜನಿಕ ಜಾಗದಲ್ಲಿ ಹಿಡಿದದ್ದು. 42 ಎಲ್ಲಿಂದ ಬರುತ್ತೆ ಮಾರಾಯಾ?’ ಅಂದರು. ಈಗ ತೀರ್ಪಿನ ಜೆರಾಕ್ಸ್ ಕೇಳಿಕೊಂಡು ಬರುವವರೂ ಅವರೇ.

ಕೇಸು ಹೀಗಿತ್ತು. ಸಂಜೆ ಬಸ್ ಸ್ಟಾಪಿನಲ್ಲಿ ಹುಡುಗನನ್ನು ಹಿಡಿದರು. ಕೈಚೀಲದಲ್ಲಿ 900 ಗ್ರಾಂ ಆಸುಪಾಸು. ಠಾಣೆಗೆ ಕರೆದೊಯ್ದು ಸ್ವಇಚ್ಛಾ ಹೇಳಿಕೆ ಬರೆಸಿಕೊಂಡರು. ರಾತ್ರಿ ಅವನ ಬಾಡಿಗೆ ಮನೆಗೆ ಹೋಗಿ 22 ಕೆಜಿ ತೆಗೆದರು. ವಾರಂಟ್ ಇಲ್ಲ. 1 ಕೆಜಿಯೊಳಗೆ ಅಲ್ಪ ಪ್ರಮಾಣ, ಹೆಚ್ಚೆಂದರೆ 1 ವರ್ಷ. 20 ಕೆಜಿ ದಾಟಿದರೆ ಕಮರ್ಷಿಯಲ್, ಕನಿಷ್ಠ 10 ವರ್ಷ. ಹುಡುಗನ ಹಣೆಬರಹವೆಲ್ಲ ಆ ಬಾಡಿಗೆ ಮನೆಯಲ್ಲಿತ್ತು.

ಮೊದಲು ಮೈ ಶೋಧದ ನಿಯಮ ಹೇಳುವ 50 ಹಿಡಿದೆವು. ನಡೆಯಲಿಲ್ಲ. ಚೀಲ ಅಂದರೆ ಮೈ ಅಲ್ಲ ಅಂತ 2005ರ ಪವನ್ ಕುಮಾರ್ ತೀರ್ಪು ಇದೆ. ಜಾಮೀನು ಕೆಳಗೂ ವಜಾ, ಮೇಲೂ ವಜಾ. ಕಮರ್ಷಿಯಲ್ ಪ್ರಮಾಣಕ್ಕೆ ಜಾಮೀನು ಬಿಗಿ ಮಾಡುವ 37 ಅಡ್ಡ ಬಂತು. 42ರ ವಿಷಯ ವಿಚಾರಣೆಯಲ್ಲಿ ನೋಡೋಣ ಅಂದರು. ಮನೆಯವರ ದುಡ್ಡು ಅಷ್ಟರಲ್ಲೇ ಕರಗಿತು. ಫೀಸು 60 ಸಾವಿರ ಅಂತ ಮಾತಾಗಿತ್ತು, ಕೈಗೆ ಬಂದಿದ್ದು ಅರ್ಧ ಇರಬಹುದು, ಅದೂ ಕಂತಿನಲ್ಲಿ. ಕಾಪಿ, ಟೈಪಿಂಗ್, ಓಡಾಟ ಅಂತ ನನ್ನ ಜೇಬಿನಿಂದಲೇ 8-10 ಸಾವಿರ ಹೋಗಿದೆ.

ಆಮೇಲೆ ಕೇಸನ್ನು ಎರಡಾಗಿ ಸೀಳಿದೆ. ರಸ್ತೆಯ ಜಪ್ತಿ 43ರ ಕೆಳಗೆ, ಅದರ ಬಗ್ಗೆ ಜಗಳವೇ ಬೇಡ. ಮನೆಗೆ 42. ರಸ್ತೆಯಲ್ಲಿ ಹಿಡಿದದ್ದು ಸರಿ ಅಂದ ಮಾತ್ರಕ್ಕೆ ಮನೆಗೆ ನುಗ್ಗಿದ್ದು ಸರಿಯಾಗುವುದಿಲ್ಲ. ಮಾಹಿತಿ ಬರವಣಿಗೆಯಲ್ಲಿರಬೇಕು, 72 ಗಂಟೆಯೊಳಗೆ ನಕಲು ಮೇಲಧಿಕಾರಿಗೆ ಹೋಗಬೇಕು. ಸೂರ್ಯ ಮುಳುಗಿದ ಮೇಲೆ ವಾರಂಟ್ ಇಲ್ಲದೆ ಹೋದರೆ ಕಾರಣ ಮೊದಲೇ ಬರೆದಿಡಬೇಕು. ಸಿಕ್ಕಿಬಿದ್ದವನೇ ಬಾಯಿಬಿಟ್ಟರೂ ಅದು ಮಾಹಿತಿಯೇ. ಸೆಕ್ಷನ್ನಿನಲ್ಲಿ ‘ಯಾವುದೇ ವ್ಯಕ್ತಿ’ ಅಂತಲೇ ಇದೆಯಲ್ಲ.

ಪಿಪಿ (ಸರ್ಕಾರಿ ವಕೀಲರು) ಕರ್ನೈಲ್ ಸಿಂಗ್ ತೀರ್ಪು ತೆಗೆದರು. ತುರ್ತಿದ್ದರೆ ಮೊದಲು ಕೆಲಸ, ಆಮೇಲೆ ಬರಹ ಅಂತ 2009ರಲ್ಲಿ ಸಂವಿಧಾನ ಪೀಠ ಹೇಳಿದೆ, ನಿಜ. ಆದರೆ ಏನೂ ಪಾಲಿಸದೇ ಇದ್ದರೆ ನಡೆಯಲ್ಲ ಅಂತಲೂ ಅಲ್ಲೇ ಹೇಳಿದೆ. ಅಷ್ಟಕ್ಕೂ ತುರ್ತು ಎಲ್ಲಿತ್ತು? ಆಸಾಮಿ ಠಾಣೆಯಲ್ಲಿ, ಮನೆಗೆ ಬೀಗ, ಬೀಗದ ಕೈ ಪೊಲೀಸರ ಹತ್ತಿರ. ನಡುವೆ ಮೂರೂವರೆ-ನಾಲ್ಕು ಗಂಟೆ. ಐದಾರು ಪುಟ ಹೇಳಿಕೆ ಬರೆದವರಿಗೆ ನಾಲ್ಕು ಸಾಲು ಕಾರಣ ಬರೆಯಲು ಪುರುಸೊತ್ತಿರಲಿಲ್ಲವೇ? 57ರ ವರದಿ ಕಳಿಸಿದ್ದೇವೆ, ಅದೇ ಸಾಕು ಅಂದರು. ಅದು ಬಂಧನ, ಜಪ್ತಿ ಆದ ಮೇಲಿನ 48 ಗಂಟೆಯ ವರದಿ. ಒಳಗೆ ಹೋಗುವ ಮುಂಚೆ ಏನು ಗೊತ್ತಿತ್ತು ಅನ್ನೋದನ್ನು ಅದು ಹೇಳಲ್ಲ.

ಇದನ್ನೆಲ್ಲ ಪಾಟೀ ಸವಾಲಿನಲ್ಲಿ ತುಂಡು ತುಂಡಾಗಿ ಕಕ್ಕಿಸಿದೆ. ಯಾವ ಪ್ರಶ್ನೆ ಮೊದಲು, ಯಾವುದು ಕೊನೆಗೆ ಅನ್ನೋದು ಇಲ್ಲಿ ಬರೆಯಲ್ಲ, ಅದು ನನ್ನ ಅನ್ನ. ಒಂದು ಮಾತ್ರ ಹೇಳುತ್ತೇನೆ: ‘42 ಪಾಲಿಸಿಲ್ಲ ಅಲ್ವಾ’ ಅಂತ ನೇರವಾಗಿ ಕೇಳಬೇಡಿ. ಮುಂದಿನ ತಾರೀಕಿಗೆ ಒಂದು ಕಾಗದ ಹುಟ್ಟಿಕೊಳ್ಳುತ್ತದೆ. ಮೊದಲು ಠಾಣಾ ದಿನಚರಿ ಮತ್ತು ಟಪಾಲು ರಿಜಿಸ್ಟರ್ ತರಿಸಿ, ಗುರುತು ಮಾಡಿಸಿ, ಆಮೇಲೆ ಬಾಯಿ ತೆಗೆಯಿರಿ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಮನೆ ಮಹಜರು ಮುಕ್ಕಾಲು ಗಂಟೆಯಲ್ಲಿ ಮುಗಿಯಿತು ಅಂತ ಬರೆದಿದ್ದರು. ತೂಕ, ಪ್ಯಾಕಿಂಗು, ಸೀಲು, ಪಂಚರ ಸಹಿ ಎಲ್ಲ ಸೇರಿ! ಜೂನಿಯರ್ ಕೈಗೆ ಪೆನ್ನು ಕೊಟ್ಟು, ಗಡಿಯಾರ ಇಟ್ಟು, ಅದೇ ಮಹಜರನ್ನು ಸುಮ್ನೆ ನಕಲು ಮಾಡಿಸಿದೆ. ಬರೆಯುವುದಕ್ಕೇ ಹೆಚ್ಚುಕಡಿಮೆ ಎರಡು ಗಂಟೆ ಹಿಡಿಯಿತು. ತೀರ್ಪಿನಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಆದರೆ ಆ ಲೆಕ್ಕ ಕೇಳಿದ ಮೇಲೆ ತನಿಖಾಧಿಕಾರಿಯ ದನಿ ಇಳಿದದ್ದು ಮಾತ್ರ ನಿಜ.

‘ಶೋಧ ತಪ್ಪಾದರೂ ಸಿಕ್ಕ ಮಾಲು ಸಾಕ್ಷಿಯೇ, 1974ರ ಪೂರಣ್ ಮಲ್ ನೋಡು’ ಅಂತ ಸೀನಿಯರೊಬ್ಬರು ಕೊನೆವರೆಗೂ ಹೆದರಿಸಿದರು. ಅದು ಇನ್‌ಕಂ ಟ್ಯಾಕ್ಸ್ ಕೇಸು. 50ನ್ನು ಮುರಿದು ಸಿಕ್ಕ ಮಾಲಿಗೆ ಅದನ್ನು ಎಳೆದು ತರಬೇಡಿ ಅಂತ 1999ರ ಬಲದೇವ್ ಸಿಂಗ್ ತೀರ್ಪಿನಲ್ಲಿದೆ. 42ಕ್ಕೂ ಅದೇ ದಾರಿ ಅಂತ ವಾದಿಸಿದೆ, ನ್ಯಾಯಾಧೀಶರು ಒಪ್ಪಿದರು. ಮನೆಯ 22 ಕೆಜಿ ಸಾಕ್ಷಿಯಾಗಿ ನಿಲ್ಲದೆ ಬಿತ್ತು. ರಸ್ತೆಯ ಮಾಲಿಗೆ ಶಿಕ್ಷೆ ಆಯಿತು, ಅದಕ್ಕಿಂತ ಜಾಸ್ತಿ ಕಾಲ ಅವನು ಆಗಲೇ ಒಳಗಿದ್ದ. ಸರ್ಕಾರದ ಮೇಲ್ಮನವಿ ಬಾಕಿ ಇದೆ.

ಎಲ್ಲ ಕೇಸಿಗೂ ಇದು ಹೊಂದಲ್ಲ. ಅಧಿಕಾರವಿರುವ ಗೆಜೆಟೆಡ್ ಅಧಿಕಾರಿ ತಾನೇ ಮನೆಗೆ ಬಂದು ಶೋಧ ಮಾಡಿದ್ದರೆ 42 ಎತ್ತಿ ಪ್ರಯೋಜನವಿಲ್ಲ. ನಮ್ಮ ಕೇಸಿನಲ್ಲಿ ಸಾಹೇಬರು ಬಸ್ ಸ್ಟಾಪಿಗೆ ಬಂದಿದ್ದರು, ಮನೆಗೆ ಬರಲಿಲ್ಲ. ಖಾಸಗಿ ಕಾರಾದರೆ ರಸ್ತೆಯಲ್ಲೇ ಸಿಕ್ಕಿದ್ದರೂ 42 ಬೇಕು, 2021ರ ಬೂಟಾ ಸಿಂಗ್ ಓದಿಕೊಳ್ಳಿ. 2024ರ ಜುಲೈ 1ರ ನಂತರದ ಕೇಸಾದರೆ ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಜಾಗಕ್ಕೆ ಬಂದ ಹೊಸ ಕಾನೂನು) 105ರ ಶೋಧದ ವಿಡಿಯೊ ಕೇಳಿ ಪಡೆಯಿರಿ, ಅದರ ಟೈಮಿಂಗ್ ಮಹಜರಿನ ಪಕ್ಕ ಇಟ್ಟು ನೋಡಿ.

ಈಗ ಕೈಯಲ್ಲಿ ಲಾಡ್ಜ್ ರೂಮಿನ ಕೇಸಿದೆ. 43ರ ವಿವರಣೆಯಲ್ಲಿ ಸಾರ್ವಜನಿಕ ಜಾಗ ಅಂದರೆ ಹೋಟೆಲ್ಲೂ ಸೇರಿದೆ. ಆದರೆ ದುಡ್ಡು ಕೊಟ್ಟು, ಒಳಗಿನಿಂದ ಚಿಲಕ ಹಾಕಿಕೊಂಡ ರೂಮಿಗೆ ಯಾವ ಸಾರ್ವಜನಿಕರು ಬರುತ್ತಾರೆ? ಇದಕ್ಕೂ ವಕೀಲರ ಸಂಘದಲ್ಲಿ ನಗುತ್ತಿದ್ದಾರೆ.